ಕಪ್ಪು ಪರದೆಗೆ ಬಣ್ಣ ಬಂದ ಕಥೆ: ತಾಳೆಗರಿಯ ಮಸಿಯಿಂದ ಶೆಲ್‌ ತನಕ

(ಈ ವಾರದ ಪಾಡ್‌ಕಾಸ್ಟ್ ಕಂತಿನ ಲಿಖಿತ ರೂಪ)

ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಾಗ ಕುಂತೀರೋ, ಹೊಲದ ಬದುವಿನ ಮ್ಯಾಲ ನಡದೀರೋ, ಎಲ್ಲಿದ್ದೀರೋ ಅಲ್ಲಿಂದನ ಕೇಳ್ರಿ.

ಇವತ್ತಿನ ಕಥೆ ಒಣದ್ರಾಕ್ಷಿಯಿಂದ ಶುರು. ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ತಿಕೋಟಾ, ಜಮಖಂಡಿ ರಸ್ತೆ ಹಿಡಿದರೆ ಬಬಲೇಶ್ವರ. ಎರಡೂ ಕಡೆ ದ್ರಾಕ್ಷಿ ತೋಟಗಳ ಪಕ್ಕ ಉದ್ದನೆಯ ಶೆಡ್‌ಗಳು ಕಾಣುತ್ತವೆ. ಒಳಗೆ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಹರವಿ ಒಣಗಿಸುತ್ತಾರೆ. ಒಣಗಿದ ಮೇಲೆ ಆರಿಸುವ ಕೆಲಸ. ಹಸಿರು ಒಂದು ಕಡೆ, ಹಳದಿ ಒಂದು ಕಡೆ, ಕಂದು ತಿರುಗಿದ್ದು ಇನ್ನೊಂದು ಕಡೆ. ಬಾಯಿಗೆ ಹಾಕಿ ನೋಡುವುದಕ್ಕೂ ಮೊದಲೇ ಕಣ್ಣು ದರ್ಜೆ ಹೇಳಿಬಿಡುತ್ತದೆ. ಬಣ್ಣ ನೋಡಿಯೇ ದರ ಮಾತಾಡುತ್ತಾರೆ.

ಬಣ್ಣ ಅಂದರೆ ಅಲಂಕಾರ ಅಂತ ನಾವು ತಿಳಿದಿರ್ತೀವಿ. ಆ ಶೆಡ್ಡಿನಾಗ ಹಂಗಲ್ಲ. ಅಲ್ಲಿ ಬಣ್ಣ ಅಂದ್ರ ಮಾಹಿತಿ. ಇವತ್ತು ಹೇಳೋ ಇತಿಹಾಸಾನೂ ಅದ: ಕಂಪ್ಯೂಟರಿನ ಕಪ್ಪು ಪರದೆ ಮೇಲೆ ನಾವು ಟೈಪ್ ಮಾಡುವ ಕಮಾಂಡಿಗೆ ಬಣ್ಣ ಹೇಗೆ ಬಂತು, ಯಾಕೆ ಬಂತು, ಆ ಬಣ್ಣ ಆರಿಸುವ ಹಕ್ಕು ಯಾರದ್ದು. ಇದಕ್ಕೆ ಸಿಂಟ್ಯಾಕ್ಸ್ ಹೈಲೈಟಿಂಗ್ ಅಂತಾರೆ.

ಮೊದಲು ಶೆಲ್ ಅಂದರೇನು ಅಂತ ಒಂದೇ ಮಾತಿನಲ್ಲಿ ಹೇಳಿಬಿಡ್ತೀನಿ. ಐಕಾನ್ ಒತ್ತುವ ಬದಲು ಅಕ್ಷರಗಳಲ್ಲಿ ಬರೆದು ಕಂಪ್ಯೂಟರಿಗೆ ಕೆಲಸ ಹೇಳುತ್ತೇವಲ್ಲ, ಆ ಮಾತನ್ನು ಕೇಳಿ, ಬಿಡಿಸಿ, ಮಾಡಿಸುವ ಪ್ರೋಗ್ರಾಮೇ ಶೆಲ್. ಇದು ಎಲ್ಲೋ ದೊಡ್ಡ ಆಫೀಸಿನ ಸಂಗತಿ ಅಂದ್ಕೋಬೇಡಿ. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆಗಿದ್ದರೆ, ಅದರೊಳಗೆ ಲಿನಕ್ಸ್ ಕರ್ನಲ್ ಇದೆ, ಎಂಕೆಎಸ್‌ಎಚ್ ಅನ್ನುವ ಒಂದು ಸಣ್ಣ ಶೆಲ್ ಕೂಡ ಇದೆ. ಕಣ್ಣಿಗೆ ಬೀಳೋದಿಲ್ಲ, ಅಷ್ಟ.

ಕಣ್ಣಿಗೆ ಬೀಳದ ಅಕ್ಷರ

"ಕಣ್ಣಿಗೆ ಬೀಳದ್ದು" ಅಂದೆನಲ್ಲ, ಅಲ್ಲಿಂದಲೇ ಹಿಂದಕ್ಕೆ ಹೋಗೋಣ. ವಿಜಯಪುರದಲ್ಲಿ 1980ರಲ್ಲಿ ಶುರುವಾದ ಒಂದು ಎಂಜಿನಿಯರಿಂಗ್ ಕಾಲೇಜಿದೆ. ಬಿಎಲ್‌ಡಿಇ ಸಂಸ್ಥೆಯದು. ಅದಕ್ಕೆ ಇಟ್ಟಿರುವುದು ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿ ಅವರ ಹೆಸರು. ಕಂಪ್ಯೂಟರ್ ಸೈನ್ಸ್ ಓದುವ ಕಾಲೇಜಿಗೆ, ತಾಳೆಗರಿ ಓದಿದ ವಕೀಲರೊಬ್ಬರ ಹೆಸರು. ಆ ಸಂಸ್ಥೆಯನ್ನು 1910ರಲ್ಲಿ ಕಟ್ಟಿದವರಲ್ಲಿ ಅವರು ಮುಖ್ಯರು ಅನ್ನುವುದು ಒಂದು ಕಾರಣ. ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಶೆಲ್‌ನ ಹೈಲೈಟಿಂಗ್ ಮಾಡುವ ಕೆಲಸ ಮತ್ತು ಹಳಕಟ್ಟಿಯವರು ಮಾಡಿದ ಕೆಲಸ, ಎರಡರ ಬೇರೂ ಒಂದೇ.

ತಾಳೆಗರಿಯ ಮೇಲೆ ಹೇಗೆ ಬರೆಯುತ್ತಿದ್ದರು ಗೊತ್ತಾ? ಶಾಯಿಯಿಂದ ಅಲ್ಲ. ಕಬ್ಬಿಣದ ಕಂಟದಿಂದ ಗರಿಯನ್ನು ಕೊರೆಯುತ್ತಿದ್ದರು. ಕೊರೆದ ತಕ್ಷಣ ನೋಡಿದರೆ ಅಕ್ಷರ ಇದ್ದೂ ಇಲ್ಲದ ಹಾಗೆ. ಗರಿಯ ಬಣ್ಣ, ಗೀರಿನ ಬಣ್ಣ ಎರಡೂ ಒಂದೇ. ಆಮೇಲೆ ದೀಪದ ಮಸಿಗೆ ಎಣ್ಣೆ ಬೆರೆಸಿ ಗರಿಯ ಮೇಲೆ ತಿಕ್ಕಿ ಒರೆಸುತ್ತಿದ್ದರು. ಮೇಲಿನ ಮಸಿ ಹೋಗುತ್ತಿತ್ತು, ಗೀರಿನೊಳಗಿನ ಮಸಿ ಉಳಿಯುತ್ತಿತ್ತು. ಆಗ ಅಕ್ಷರ ಎದ್ದು ಕಾಣುತ್ತಿತ್ತು.

ಇಲ್ಲಿ ಒಂದು ಮಾತು ಗಮನಿಸ್ರಿ. ಮಸಿ ಒಂದು ಅಕ್ಷರವನ್ನೂ ಸೇರಿಸಲಿಲ್ಲ, ಒಂದನ್ನೂ ತೆಗೆಯಲಿಲ್ಲ. ಇದ್ದದ್ದನ್ನು ಕಾಣಿಸಿತು, ಅಷ್ಟೇ. ಶೆಲ್‌ನಲ್ಲಿ ಬಣ್ಣವೂ ಹೀಗೆಯೇ. ನೀವು ಎಂಟರ್ ಒತ್ತಿದಾಗ ಕಂಪ್ಯೂಟರಿಗೆ ಹೋಗುವುದು ಬರೀ ಅಕ್ಷರ. ಬಣ್ಣ ಹೋಗುವುದಿಲ್ಲ. ಬಣ್ಣ ಯಂತ್ರಕ್ಕಲ್ಲ, ಓದುವ ಮನುಷ್ಯನಿಗೆ.

ಮಸಿ ಹಚ್ಚಿದ ಮೇಲೂ ಓದುವುದು ಸುಲಭ ಇರಲಿಲ್ಲ. ಗರಿಯಲ್ಲಿ ಪದದ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ. ಒಂದೇ ಸಾಲು, ಒಂದಕ್ಕೊಂದು ಅಂಟಿದ ಅಕ್ಷರ. ಎಲ್ಲಿ ಪದ ಮುರಿಯಬೇಕು ಅನ್ನುವುದು ಓದುವವನ ಜವಾಬ್ದಾರಿ. ಇದೇನು ದೊಡ್ಡ ಮಾತು ಅಂತೀರಾ? "ಕೊಡಬೇಕು" ಅಂತ ಒಟ್ಟಿಗೆ ಬರೆದರೆ ಏನೋ ಒಂದನ್ನು ಕೊಟ್ಟುಬಿಡಬೇಕು ಅಂತ ಅರ್ಥ. "ಕೊಡ ಬೇಕು" ಅಂತ ನಡುವೆ ಜಾಗ ಬಿಟ್ಟರೆ, ನೀರು ತರೋಕೆ ಕೊಡ ಬೇಕು ಅಂತ ಅರ್ಥ. ಅಕ್ಷರ ಅವೇ. ಒಂದು ಜಾಗ ಸಾಕು, ಕೊಡುವವನು ಬೇಡುವವನಾಗ್ತಾನ. ಈ ಜಾಗದ ಮಾತು ನೆನಪಿಟ್ಕೋರಿ, ಮುಂದ ಬರ್ತದ.

ವಚನಗಳಲ್ಲಿ ಒಂದು ಗುರುತು ಮಾತ್ರ ಗಟ್ಟಿಯಾಗಿತ್ತು: ಅಂಕಿತ. ಕೂಡಲಸಂಗಮದೇವ ಅಂತ ಬಂದರೆ ಬಸವಣ್ಣನವರದು, ಗುಹೇಶ್ವರ ಅಂದರೆ ಅಲ್ಲಮನದು, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕನದು. ಸಾಮಾನ್ಯವಾಗಿ ಅಂಕಿತ ಬಂತೆಂದರೆ ಒಂದು ವಚನ ಮುಗಿಯಿತು. ಶೆಲ್‌ನಲ್ಲಿ ಒಂದು ಕಮಾಂಡ್ ಮುಗಿದು ಇನ್ನೊಂದು ಶುರುವಾಗುವುದನ್ನು ಹೇಳಲು ಅರ್ಧವಿರಾಮ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಜೊತೆಗೆ ಯಾರು ಹೇಳಿದ್ದು ಅನ್ನುವುದನ್ನೂ ಹೇಳುತ್ತಿತ್ತು.

ಹಳಕಟ್ಟಿಯವರು ಹುಟ್ಟಿದ್ದು 1880ರಲ್ಲಿ, ಧಾರವಾಡದಲ್ಲಿ. ವಕೀಲಿಕೆ ಮಾಡಿದ್ದು ವಿಜಯಪುರದಲ್ಲಿ. ಮನೆ ಮನೆಯ ಜಗಲಿ, ಮಠ ಮಠದ ಗಂಟು ಬಿಚ್ಚಿಸಿ ತಾಳೆಗರಿ ಕಟ್ಟುಗಳನ್ನು ಸೇರಿಸಿದರು, ಓದಿದರು, ವಿಷಯದ ಪ್ರಕಾರ ಜೋಡಿಸಿದರು. 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಊರಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು ಅಂತ ವಿಜಯಪುರದ ಹಿರಿಯರು ಇವತ್ತಿಗೂ ಹೇಳುತ್ತಾರೆ. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುವಾಯಿತು. ಇವತ್ತು ಯಾವ ವಚನವನ್ನೇ ನೀವು ಫೋನಿನಲ್ಲಿ ಓದಿದರೂ, ಪದ ಪದ ಬಿಡಿಸಿ, ಸಾಲು ಮುರಿದು, ಅಂಕಿತ ಎದ್ದು ಕಾಣುವ ಹಾಗೆ ಓದುತ್ತೀರಿ. ಇದರ ಹಿಂದೆ ಅಂಥವರ ಕಣ್ಣು ಸವೆದಿದೆ.

ಇದೇ ಊರಿನಲ್ಲಿ ಆದಿಲ್‌ಶಾಹಿಗಳ ಕಾಲದ ಇನ್ನೊಂದು ರೂಢಿಯೂ ಇತ್ತು. ಅರಬ್ಬೀ, ಫಾರಸಿ ಹಸ್ತಪ್ರತಿಗಳಲ್ಲಿ ಮೈ ಬರಹ ಕಪ್ಪು ಶಾಯಿಯಲ್ಲಿ, ತಲೆಬರಹ ಮತ್ತು ಮುಖ್ಯ ಪದ ಕೆಂಪು ಶಾಯಿಯಲ್ಲಿ ಬರೆಯುವುದು ವಾಡಿಕೆ. ಅಸರ್ ಮಹಲಿನಲ್ಲಿ ಉಳಿದಿದ್ದ ಆ ಗ್ರಂಥಭಂಡಾರದ ಪ್ರತಿಗಳು 19ನೇ ಶತಮಾನದ ಮಧ್ಯದಲ್ಲಿ ಲಂಡನ್ನಿಗೆ ಹೋದವು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಒಂದೇ ಊರು, ಎರಡು ಲಿಪಿ ಪರಂಪರೆ, ಎರಡಕ್ಕೂ ಒಂದೇ ಚಿಂತೆ: ಓದುವವನ ಕಣ್ಣಿಗೆ ದಾರಿ ತೋರಿಸುವುದು ಹೇಗೆ?

ಕಾಗದದಿಂದ ಪರದೆಗೆ

ಈಗ ಊರಿನಿಂದ ಅಮೆರಿಕದ ನ್ಯೂಜೆರ್ಸಿಗೆ ಹೋಗೋಣ. ಅಲ್ಲಿಯ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಯೂನಿಕ್ಸ್ ಹುಟ್ಟಿತು. 1971ರಲ್ಲಿ ಕೆನ್ ಥಾಂಪ್ಸನ್ ಬರೆದ ಶೆಲ್ ಬಂತು. ಆಗ ಪರದೆ ಅನ್ನುವುದೇ ಅಪರೂಪ. ಟೆಲಿಟೈಪ್ ಅನ್ನುವ ಯಂತ್ರದಲ್ಲಿ ಟೈಪ್ ಮಾಡಿದರೆ ಕಾಗದದ ಸುರುಳಿಯ ಮೇಲೆ ಅಚ್ಚು ಬೀಳುತ್ತಿತ್ತು. ತಪ್ಪು ಹೊಡೆದರೆ ಕಾಗದದ ಮೇಲೆ ತಪ್ಪೇ ಉಳಿಯುತ್ತಿತ್ತು. ಯೂನಿಕ್ಸ್ ಕಮಾಂಡ್‌ಗಳು ಎರಡು ಮೂರು ಅಕ್ಷರದ ಮೊಟಕು ಹೆಸರು ಪಡೆದದ್ದಕ್ಕೆ ಇದೂ ಒಂದು ಕಾರಣ. ನಿಧಾನದ ಯಂತ್ರ, ಗಟ್ಟಿ ಕೀಲಿ, ಆದಷ್ಟು ಕಡಿಮೆ ಹೊಡೆತ.

1978ರಲ್ಲಿ ಡಿಇಸಿ ಕಂಪನಿಯ ವಿಟಿ100 ಅನ್ನುವ ಟರ್ಮಿನಲ್ ಬಂತು. ಪರದೆ ಇತ್ತು, ಬಣ್ಣ ಇರಲಿಲ್ಲ. ಆದರೆ ಅದು ಜನಪ್ರಿಯ ಮಾಡಿದ ಒಂದು ಉಪಾಯ ಇವತ್ತಿಗೂ ಬದುಕಿದೆ. ಅಕ್ಷರಗಳ ನಡುವೆಯೇ ಒಂದು ಗುಟ್ಟಿನ ಸಂಕೇತ ಕಳಿಸುವುದು. ಎಸ್ಕೇಪ್ ಅನ್ನುವ ಸಂಕೇತ, ಒಂದು ಚೌಕ ಆವರಣ, ಒಂದು ಅಂಕಿ, ಕೊನೆಗೆ ಇಂಗ್ಲಿಷಿನ ಎಂ ಅಕ್ಷರ. ಟರ್ಮಿನಲ್ ಇದನ್ನು ತೋರಿಸುವುದಿಲ್ಲ, ಪಾಲಿಸುತ್ತದೆ. ಅಂಕಿ 31 ಇದ್ದರೆ ಕೆಂಪು, 32 ಹಸಿರು, 33 ಹಳದಿ, 34 ನೀಲಿ. ಒಟ್ಟು ಎಂಟು ಬಣ್ಣ. ಇವತ್ತು ನಿಮ್ಮ ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ ಕೆಂಪು ಕಂಡಿತೆಂದರೆ, ಒಳಗೆ ಬಹಳ ಸಲ ಓಡಿದ್ದು ಆ ಹಳೇ 31.

ಶೆಲ್‌ಗಳೂ ಬೆಳೆದವು. 1979ರಲ್ಲಿ ಬೋರ್ನ್ ಶೆಲ್, 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಶ್. 1990ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪಾಲ್ ಫಾಲ್‌ಸ್ಟಡ್ ಬರೆದ ಝಡ್ ಶೆಲ್. ಆ ಹೆಸರಿನ ಹಿಂದೆ ಒಂದು ತಮಾಷೆ ಇದೆ. ಅಲ್ಲಿ ಝಾಂಗ್ ಶಾವ್ ಅಂತ ಒಬ್ಬರು ಬೋಧನಾ ಸಹಾಯಕರಿದ್ದರು. ಅವರ ಲಾಗಿನ್ ಹೆಸರು ಝಡ್‌ಎಸ್‌ಎಚ್. ಶೆಲ್‌ಗೆ ಒಪ್ಪುವ ಹೆಸರು ಅಂತ ಅದನ್ನೇ ಎತ್ತಿಕೊಂಡರು.

ಆದರೆ ಇಷ್ಟೆಲ್ಲ ಆದರೂ ಬಣ್ಣ ಬಂದದ್ದು ಶೆಲ್ ಕೊಡುವ ಉತ್ತರಕ್ಕೆ ಮಾತ್ರ. ಫೋಲ್ಡರಿನ ಪಟ್ಟಿ ಕೇಳಿದರೆ ಫೋಲ್ಡರ್ ನೀಲಿ, ಓಡಿಸಬಹುದಾದ ಫೈಲ್ ಹಸಿರು, ಹೀಗೆ. ನೀವು ಟೈಪ್ ಮಾಡುವ ಸಾಲು ಮಾತ್ರ ಬೋಳು ಬೋಳು. ತಪ್ಪು ಮಾಡುವುದು ನಾವು ಟೈಪ್ ಮಾಡುವಾಗ, ಬಣ್ಣ ಬರುವುದು ಎಲ್ಲ ಮುಗಿದ ಮೇಲೆ. ಊಟ ಆದ ಮ್ಯಾಲ ಉಪ್ಪು ಕೊಟ್ಟಂಗ.

ನಿಘಂಟಿನಿಂದ ಬಂದ ಬಣ್ಣ

ಟೈಪ್ ಮಾಡುತ್ತಿರುವಾಗಲೇ ಬಣ್ಣ ಹಚ್ಚಬಹುದು ಅನ್ನುವ ಯೋಚನೆಯ ಒಂದು ಮೊದಲ ರೂಪ ಬಂದದ್ದು ಎಲ್ಲಿಂದ ಗೊತ್ತಾ? ನಿಘಂಟಿನಿಂದ. 1985ರ ಹೊತ್ತಿಗೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಕಂಪ್ಯೂಟರಿಗೆ ತರುವ ಕೆಲಸ ನಡೆದಿತ್ತು. ಐಬಿಎಂ ಕಂಪನಿಯ ಮೈಕ್ ಕೌಲಿಶಾ ಅದಕ್ಕಾಗಿ ಲೆಕ್ಸ್ ಅನ್ನುವ ಎಡಿಟರ್ ಬರೆದರು. ನಿಘಂಟಿನ ಒಂದೊಂದು ನಮೂದಿನಲ್ಲೂ ತಲೆಪದ, ಉಚ್ಚಾರ, ವ್ಯುತ್ಪತ್ತಿ, ಅರ್ಥ, ಉದಾಹರಣೆ, ವರ್ಷ ಎಲ್ಲ ಗಿಜಿಗಿಜಿ ತುಂಬಿರುತ್ತವೆ. ಯಾವುದು ಎಲ್ಲಿ ಮುಗಿಯಿತು ಅಂತ ಸಂಪಾದಕನಿಗೆ ಗೊತ್ತಾಗಬೇಕು. ಲೆಕ್ಸ್ ಟೈಪ್ ಮಾಡುತ್ತಿದ್ದಂತೆಯೇ ಪಠ್ಯವನ್ನು ಬಿಡಿಸಿ, ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ, ಒಂದೊಂದು ಅಕ್ಷರ ಶೈಲಿ ಕೊಡುತ್ತಿತ್ತು. ಅದೇ ಎಡಿಟರ್ ಪ್ರೋಗ್ರಾಮ್‌ಗಳಿಗೂ ಬಳಕೆಯಾಯಿತು.

ನೋಡ್ರಿ, ಇದೂ ಗ್ರಂಥ ಸಂಪಾದನೆಯ ಕೆಲಸವೇ. ಹಳಕಟ್ಟಿಯವರ ಮುಂದೆ ತಾಳೆಗರಿ, ಕೌಲಿಶಾ ಅವರ ಮುಂದೆ ನಿಘಂಟು. ಇಬ್ಬರ ಪ್ರಶ್ನೆಯೂ ಒಂದೇ: ಈ ಗುಂಪಿನಲ್ಲಿ ಯಾವುದು ಏನು?

ಶೆಲ್‌ಗೆ ಈ ಗುಣ ಮೊದಲಿನಿಂದಲೇ ಹಾಕಿ ತಂದವರು ಸ್ವೀಡನ್ನಿನ ಆಕ್ಸೆಲ್ ಲಿಲ್ಯೆನ್‌ಕ್ರಾಂಟ್ಸ್. 2005ರಲ್ಲಿ ಅವರು ಫಿಶ್ ಅನ್ನುವ ಶೆಲ್ ಬಿಟ್ಟರು. ಸ್ನೇಹದಿಂದ ಮಾತಾಡುವ ಶೆಲ್ ಅನ್ನುವ ಅರ್ಥದ ಇಂಗ್ಲಿಷ್ ಪದಗಳ ಮೊಟಕು ರೂಪ ಅದು. ಫಿಶ್‌ನಲ್ಲಿ ಕಮಾಂಡ್ ಟೈಪ್ ಮಾಡುತ್ತಾ ಹೋದಂತೆ ಬಣ್ಣ ಬದಲಾಗುತ್ತದೆ. "ಗಿಟ್" ಅನ್ನುವ ಕಮಾಂಡ್ ತಗೊಳ್ಳಿ. ಮೊದಲ ಅಕ್ಷರ ಹೊಡೆದಾಗ ಕೆಂಪು, ಯಾಕೆಂದರೆ ಆ ಹೆಸರಿನ ಕಮಾಂಡ್ ಇಲ್ಲ. ಎರಡನೆಯದಕ್ಕೂ ಕೆಂಪು. ಮೂರನೆಯದು ಬಿದ್ದ ಕೂಡಲೇ ಕೆಂಪು ಹೋಯಿತು. ಅಂದರೆ ಸಿಕ್ಕಿತು ಅಂತ ಅರ್ಥ. ಎಂಟರ್ ಒತ್ತುವುದಕ್ಕೂ ಮೊದಲೇ ಉತ್ತರ.

ಫಿಶ್ ನೋಡಿ ಝಡ್ ಶೆಲ್ ಬಳಸುವವರಿಗೂ ಆಸೆಯಾಯಿತು. ಮುಂದಿನ ಕೆಲ ವರ್ಷಗಳಲ್ಲಿ ಝಡ್‌ಎಸ್‌ಎಚ್ ಸಿಂಟ್ಯಾಕ್ಸ್ ಹೈಲೈಟಿಂಗ್ ಅನ್ನುವ ಪ್ಲಗಿನ್ ಬಂತು. 2019ರಲ್ಲಿ ಆ್ಯಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಝಡ್ ಶೆಲ್ಲನ್ನೇ ಮೂಲ ಶೆಲ್ ಮಾಡಿದ ಮೇಲೆ ಆ ಶೆಲ್ ಇನ್ನೂ ಬಹಳ ಜನರ ಕೈಗೆ ಬಂತು. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಪಿಎಸ್‌ರೀಡ್‌ಲೈನ್ ಇದೇ ಕೆಲಸ ಮಾಡುತ್ತದೆ. ಬ್ಯಾಶ್‌ಗೂ ಬಿಎಲ್‌ಇ ಡಾಟ್ ಎಸ್‌ಎಚ್ ಅನ್ನುವುದಿದೆ.

ಒಂದು ಜಾಗದ ಬೆಲೆ

ಬಣ್ಣ ಬ್ಯಾರೆ ಕೆಲಸ ಇಲ್ಲದವರ ಶೋಕಿ ಅನ್ನೋರು ಇದ್ದಾರ. ಅವರಿಗೆ ಈ ಕಥೆ.

2011ರಲ್ಲಿ ನಡೆದದ್ದು. ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇದ್ದಾಗ ಅವುಗಳನ್ನು ಹೊಂದಿಸಲು ಬಂಬಲ್‌ಬೀ ಅಂತ ಒಂದು ಉಚಿತ ಪ್ರೋಗ್ರಾಮ್ ಇತ್ತು. ಅದನ್ನು ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್‌ನಲ್ಲಿ ಒಂದು ಹಳೇ ಫೋಲ್ಡರ್ ಅಳಿಸುವ ಸಾಲಿತ್ತು. ಬರೆಯಬೇಕಿದ್ದದ್ದು ಹೀಗೆ: ಆರ್‌ಎಂ, ಹೈಫನ್ ಆರ್‌ಎಫ್, ಆಮೇಲೆ "ಸ್ಲ್ಯಾಶ್ ಯುಎಸ್‌ಆರ್ ಸ್ಲ್ಯಾಶ್ ಲಿಬ್" ಅಂತ ಶುರುವಾಗುವ ಒಂದು ಉದ್ದನೆಯ ವಿಳಾಸ. ಯುಎಸ್‌ಆರ್ ಆದ ಮೇಲೆ, ಮುಂದಿನ ಸ್ಲ್ಯಾಶ್‌ಗೂ ಮೊದಲು, ಒಂದೇ ಒಂದು ಜಾಗ ತಪ್ಪಿ ಬಿತ್ತು. ಶೆಲ್‌ಗೆ ಜಾಗ ಅಂದರೆ ಪದ ಮುಗಿಯಿತು ಅಂತ. ಒಂದು ವಿಳಾಸ ಇದ್ದದ್ದು ಎರಡಾಯಿತು. ಮೊದಲನೆಯದು ಬರೀ ಸ್ಲ್ಯಾಶ್ ಯುಎಸ್‌ಆರ್, ಅಂದರೆ ಸಿಸ್ಟಮ್‌ನ ಪ್ರೋಗ್ರಾಮ್‌ಗಳೆಲ್ಲ ಇರುವ ಮುಖ್ಯ ಫೋಲ್ಡರ್. ಸ್ಕ್ರಿಪ್ಟ್ ಓಡಿಸಿದವರ ಕಂಪ್ಯೂಟರಿನಲ್ಲಿ ಅದೇ ಅಳಿಸಿಹೋಯಿತು. ಬರೆದವರು ತಪ್ಪು ಒಪ್ಪಿ, ಕ್ಷಮೆ ಕೇಳಿ, ತಿದ್ದಿದರು.

"ಕೊಡಬೇಕು" ಮತ್ತು "ಕೊಡ ಬೇಕು". ಇಷ್ಟ ನೋಡ್ರಿ ವಿಷಯ.

ಇದೇ ಸಾಲನ್ನು ಬಣ್ಣ ಇರುವ ಶೆಲ್‌ನಲ್ಲಿ ಕೈಯಾರೆ ಟೈಪ್ ಮಾಡಿದ್ದರೆ? ಫಿಶ್ ಮತ್ತು ಝಡ್ ಶೆಲ್ ಪ್ಲಗಿನ್ ಎರಡೂ ನಿಜವಾಗಿ ಇರುವ ವಿಳಾಸದ ಕೆಳಗೆ ಗೆರೆ ಹಾಕುತ್ತವೆ. ಸ್ಲ್ಯಾಶ್ ಯುಎಸ್‌ಆರ್ ಕೆಳಗೆ ಮಾತ್ರ ಗೆರೆ, ಆಮೇಲೆ ಗೆರೆ ಮುರಿದಿದೆ. ಕಣ್ಣು ಅಲ್ಲಿ ಒಂದು ಗಳಿಗೆ ನಿಲ್ಲುವ ಸಾಧ್ಯತೆ ಇದೆ. ಸಾಧ್ಯತೆ ಅಂದೆ, ಖಾತ್ರಿ ಅನ್ನಲಿಲ್ಲ. ಯಾಕೆಂದರೆ ಇಲ್ಲಿ ಒಂದು ಅಪಾಯ ಇದೆ. ಆರ್‌ಎಂ ಅನ್ನುವುದು ಸರಿಯಾದ ಕಮಾಂಡ್. ಪ್ಲಗಿನ್ ಅದಕ್ಕೆ ಹಸಿರು ಬಣ್ಣವನ್ನೇ ಕೊಡುತ್ತದೆ. ಹಸಿರು ಅಂದರೆ "ಈ ಕಮಾಂಡ್ ಇದೆ" ಅಂತ ಮಾತ್ರ ಅರ್ಥ, "ಇದರಿಂದ ಅಪಾಯ ಇಲ್ಲ" ಅಂತ ಅಲ್ಲ. ವ್ಯಾಕರಣ ಸರಿ ಇರುವ ಮಾತೂ ಮನೆ ಮುರಿಯಬಹುದಲ್ಲ, ಹಾಗೆ. ಒಣದ್ರಾಕ್ಷಿಯ ಬಣ್ಣ ಚೆಂದ ಇದ್ದ ಮಾತ್ರಕ್ಕೆ ಒಳಗೆ ಹುಳಿ ಇರುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ.

ಹಾಗಾದರೆ ಏನು ಮಾಡಬೇಕು? ಬಣ್ಣದ ಅರ್ಥವನ್ನು ನಾವೇ ಬದಲಿಸಬೇಕು. ಇಲ್ಲಿಂದ ನಮ್ಮ ಕೈಗೆ ಬರ್ತದ ವಿಷಯ.

ನಿಮ್ಮ ಕಣ್ಣು, ನಿಮ್ಮ ಬಣ್ಣ

ಝಡ್ ಶೆಲ್‌ಗೆ ಮನೆಯ ಫೋಲ್ಡರಿನಲ್ಲಿ ಒಂದು ಸೆಟಿಂಗ್ಸ್ ಫೈಲ್ ಇರುತ್ತದೆ. ಹೆಸರು ಡಾಟ್ ಝಡ್‌ಎಸ್‌ಎಚ್‌ಆರ್‌ಸಿ. ಹೈಲೈಟಿಂಗ್ ಪ್ಲಗಿನ್ನನ್ನು ಕರೆಯುವ ಸಾಲು ಈ ಫೈಲಿನ ಕಟ್ಟಕಡೆಗೆ ಇರಬೇಕು. ಬೇರೆ ಪ್ಲಗಿನ್‌ಗಳು ಕೀಬೋರ್ಡಿನ ಕೆಲಸಗಳನ್ನು ಬದಲಿಸಿ ಮುಗಿಸಿದ ಮೇಲೆ ಇದು ಬಂದು ಎಲ್ಲದರ ಮೇಲೆ ಕಣ್ಣಿಡಬೇಕು, ಅದಕ್ಕೇ. ಬಹಳ ಜನ "ಬಣ್ಣಾನ ಬರವಲ್ದು" ಅಂತ ತಲೆ ಕೆಡಿಸಿಕೊಳ್ಳುವುದು ಈ ಒಂದು ಸಾಲು ಮೇಲೆ ಇಟ್ಟಿದ್ದಕ್ಕೆ.

ಪ್ಲಗಿನ್ ಒಳಗೆ ಬೇರೆ ಬೇರೆ ಹೈಲೈಟರ್‌ಗಳಿವೆ. ಮೇನ್ ಅನ್ನುವುದು ಕಮಾಂಡ್, ಆಯ್ಕೆ, ವಿಳಾಸ ನೋಡುತ್ತದೆ. ಬ್ರ್ಯಾಕೆಟ್ಸ್ ಅನ್ನುವುದು ತೆರೆದ ಆವರಣಕ್ಕೆ ಮುಚ್ಚುವ ಜೋಡಿ ಇದೆಯಾ ಅಂತ ನೋಡುತ್ತದೆ. ಪ್ಯಾಟರ್ನ್ ಅನ್ನುವುದು ನೀವೇ ಹೇಳಿಕೊಟ್ಟ ಸಾಲನ್ನು ಹುಡುಕುತ್ತದೆ. ಬಳಕೆಯ ಕೈಪಿಡಿಯಲ್ಲೇ ಕೊಟ್ಟಿರುವ ಉದಾಹರಣೆ ಕೇಳಿ: ಆರ್‌ಎಂ ಹೈಫನ್ ಆರ್‌ಎಫ್ ಅಂತ ಟೈಪ್ ಆದರೆ ಆ ಇಡೀ ಸಾಲು ಕೆಂಪು ಹಿನ್ನೆಲೆಯ ಮೇಲೆ ದಪ್ಪ ಬಿಳಿ ಅಕ್ಷರ ಆಗಲಿ. ಎರಡು ಸಾಲಿನ ಕೆಲಸ. ಪ್ಯಾಟರ್ನ್ ಹೈಲೈಟರನ್ನು ಪಟ್ಟಿಗೆ ಸೇರಿಸುವುದು ಒಂದು, ಮಾದರಿ ಮತ್ತು ಬಣ್ಣ ಹೇಳುವುದು ಇನ್ನೊಂದು. ಈಗ ಹಸಿರಿನ ಮೋಸ ಇಲ್ಲ. ಅಪಾಯದ ಕಮಾಂಡ್ ಅಪಾಯದ ಬಣ್ಣದಲ್ಲೇ ಬರುತ್ತದೆ.

ಫಿಶ್‌ನಲ್ಲಿ ಇನ್ನೂ ಸರಳ. ಫಿಶ್ ಕಲರ್ ಕಮಾಂಡ್, ಫಿಶ್ ಕಲರ್ ಎರರ್ ಅಂತ ಒಂದೊಂದು ಭಾಗಕ್ಕೂ ಒಂದೊಂದು ಹೆಸರಿದೆ. ಪದಗಳ ನಡುವೆ ಅಂಡರ್‌ಸ್ಕೋರ್. ಸೆಟ್ ಕಮಾಂಡಿನಿಂದ ಆ ಹೆಸರಿಗೆ ಬೇಕಾದ ಬಣ್ಣ ಕೊಟ್ಟರೆ ಮುಗಿಯಿತು. ಫೋನಿನಲ್ಲೇ ಕಲಿಯಬೇಕು ಅನ್ನುವವರು ಎಫ್‌-ಡ್ರಾಯ್ಡ್‌ನಿಂದ ಟರ್ಮಕ್ಸ್ ಆ್ಯಪ್ ಹಾಕಿಕೊಂಡು, "ಪಿಕೆಜಿ ಇನ್‌ಸ್ಟಾಲ್ ಫಿಶ್" ಅಂತ ಕೊಟ್ಟು ನೋಡಿ. ಲ್ಯಾಪ್‌ಟಾಪ್ ಇಲ್ಲ ಅಂತ ಕಾಯುವ ಅಗತ್ಯ ಇಲ್ಲ.

ಬಣ್ಣ ಬದಲಿಸುವುದಕ್ಕೆ ಇನ್ನೊಂದು ದೊಡ್ಡ ಕಾರಣ ಇದೆ, ಮತ್ತು ಅದು ರುಚಿಯ ಪ್ರಶ್ನೆ ಅಲ್ಲ. ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದ ಕಣ್ಣು ಎಷ್ಟೋ ಜನರಿಗಿದೆ. ಈ ಗುಣ ಸಾಗುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಹಾಗಾಗಿ ಗಂಡಸರಲ್ಲೇ ಜಾಸ್ತಿ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಇದು ಸುಮಾರು 8%. ನಮ್ಮ ದೇಶದಲ್ಲಿ ಅದಕ್ಕಿಂತ ಕಡಿಮೆ, ಆದರೂ ಒಂದು ದೊಡ್ಡ ಕ್ಲಾಸಿನಲ್ಲಿ ಒಬ್ಬಿಬ್ಬರು ಇರಬಹುದು. ತಮಗೆ ಹೀಗಿದೆ ಅಂತ ಅವರಲ್ಲಿ ಕೆಲವರಿಗೆ ಗೊತ್ತೂ ಇರುವುದಿಲ್ಲ. ಸರಿ ಅಂದರೆ ಹಸಿರು, ತಪ್ಪು ಅಂದರೆ ಕೆಂಪು ಅಂತ ಹಾಕಿಟ್ಟ ಪರದೆ ಅವರಿಗೆ ಮಸಿ ಹಚ್ಚದ ತಾಳೆಗರಿ. ಮಾಹಿತಿ ಅಲ್ಲೇ ಇದೆ, ಕಾಣುತ್ತಿಲ್ಲ. ಆ ಹುಡುಗನನ್ನು "ನೋಡಿ ಟೈಪ್ ಮಾಡೋ" ಅಂತ ಬೈದರೆ ತಪ್ಪು ಯಾರದ್ದು? ಹಸಿರಿನ ಬದಲು ನೀಲಿ, ಕೆಂಪಿನ ಬದಲು ಕಿತ್ತಳೆ ಹಾಕಿ. ತಪ್ಪಿಗೆ ಬಣ್ಣದ ಜೊತೆ ಅಡಿಗೆರೆ ಅಥವಾ ದಪ್ಪ ಅಕ್ಷರ ಕೊಡಿ. ಎರಡು ನಿಮಿಷದ ಕೆಲಸ.

ಬಣ್ಣವೇ ಬೇಡ ಅನ್ನುವವರಿಗೂ ದಾರಿ ಇದೆ. 2017ರಲ್ಲಿ ನೋ ಕಲರ್ ಅನ್ನುವ ಒಂದು ಒಪ್ಪಂದ ಶುರುವಾಯಿತು. ಆ ಹೆಸರಿನ ಒಂದು ಸೆಟಿಂಗ್ ಇಟ್ಟರೆ, ಅದನ್ನು ಒಪ್ಪಿದ ಪ್ರೋಗ್ರಾಮ್‌ಗಳು ತಮ್ಮ ಉತ್ತರಕ್ಕೆ ಬಣ್ಣ ಹಚ್ಚುವುದಿಲ್ಲ. ನಮ್ಮ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಹೊರಗೆ ಕೂತು ಫೋನ್ ನೋಡಿದರೆ ಕಪ್ಪು ಪರದೆಯ ಕಡು ನೀಲಿ ಕಾಣುವುದೇ ಇಲ್ಲ. ಅದಕ್ಕೆ ಬಿಳಿ ಹಿನ್ನೆಲೆ ಹಾಕಿಕೊಂಡರೂ ಸರಿ. ಎಲ್ಲೋ ತಂಪು ದೇಶದ ಕೋಣೆಯಲ್ಲಿ ಕೂತವರು ಆರಿಸಿದ ಬಣ್ಣ ತಿಕೋಟಾದ ಬಿಸಿಲಿಗೆ ಹೊಂದಲೇಬೇಕು ಅಂತೇನಿಲ್ಲ.

ಇನ್ನೂ ಮಸಿ ಹಚ್ಚದ ಗರಿ

ಕೊನೆಗೆ ನಮ್ಮದೇ ಒಂದು ಬಾಕಿ ಲೆಕ್ಕ. ಶೆಲ್‌ನಲ್ಲಿ ಕನ್ನಡ ಬರೆಯಬಹುದಾ? ಬರೆಯಬಹುದು. "ದ್ರಾಕ್ಷಿ" ಅಂತ ಕನ್ನಡದಲ್ಲೇ ಒಂದು ಫೋಲ್ಡರ್ ಮಾಡಿ ನೋಡಿ, ಆಗುತ್ತದೆ. ಇದಕ್ಕೆ ಕಾರಣ ಯುಟಿಎಫ್-8 ಅನ್ನುವ ಅಕ್ಷರ ಪದ್ಧತಿ. ಅದನ್ನು 1992ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಕೆನ್ ಥಾಂಪ್ಸನ್. ಹೌದು, ಆ ಮೊದಲ ಶೆಲ್ ಬರೆದ ಥಾಂಪ್ಸನ್ನೇ.

ಯಂತ್ರಕ್ಕೆ ಕನ್ನಡ ತಿಳಿಯುತ್ತದೆ. ತೊಂದರೆ ಇರುವುದು ಕಾಣಿಸುವುದರಲ್ಲಿ. ಟರ್ಮಿನಲ್ ಅನ್ನುವುದು ಹುಟ್ಟಿನಿಂದ ಚೌಕುಳಿ ಕಾಗದ ಇದ್ದ ಹಾಗೆ. ಒಂದು ಮನೆಗೆ ಒಂದು ಅಕ್ಷರ, ಎಲ್ಲ ಮನೆಯೂ ಒಂದೇ ಅಗಲ. ಇಂಗ್ಲಿಷಿಗೆ ಇದು ಸರಿ. ನಮ್ಮ "ಸ್ತ್ರೀ" ನೋಡಿ. ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಸ, ಹಲಂತದ ಚಿಹ್ನೆ, ತ, ಮತ್ತೆ ಹಲಂತದ ಚಿಹ್ನೆ, ರ, ದೀರ್ಘ ಈ ಸ್ವರಚಿಹ್ನೆ, ಒಟ್ಟು ಆರು ಸಂಕೇತ. ಯಾವುದಕ್ಕೆ ಎಷ್ಟು ಮನೆ ಅನ್ನುವುದರಲ್ಲೇ ಎಷ್ಟೋ ಟರ್ಮಿನಲ್‌ಗಳು ಎಡವುತ್ತವೆ. ಒತ್ತಕ್ಷರ ಒಡೆದು ಬೀಳುತ್ತದೆ, ಕರ್ಸರ್ ಎಲ್ಲೋ ನಿಲ್ಲುತ್ತದೆ. ಅದರ ಮೇಲೆ ಹಚ್ಚಿದ ಬಣ್ಣವೂ ಎಲ್ಲೋ ಮುಗಿಯುತ್ತದೆ.

ಅಂದರೆ ಏನಾಯ್ತು? ಅಕ್ಷರ ಕೊರೆದಾಗಿದೆ, ಮಸಿ ಇನ್ನೂ ಹಚ್ಚಿಲ್ಲ.

ಟರ್ಮಕ್ಸ್, ಫಿಶ್, ಝಡ್ ಶೆಲ್‌ನ ಪ್ಲಗಿನ್ ಎಲ್ಲದರ ಮೂಲ ಬರಹವೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಕಳಿಸಬಹುದು. ಒತ್ತಕ್ಷರ ಒಡೆದರೆ ಏನು ನಷ್ಟ ಅಂತ ನ್ಯೂಜೆರ್ಸಿಯಲ್ಲಿ ಕೂತವರಿಗೆ ಹೊಳೆಯುವುದು ಕಷ್ಟ. ಬಬಲೇಶ್ವರದಿಂದ ಬೆಳಗ್ಗೆ ಬಸ್ ಹತ್ತಿ ವಿಜಯಪುರದ ಕಾಲೇಜಿಗೆ ಬರುವ ಹುಡುಗಿಗೆ ಅದು ಒಂದು ನೋಟಕ್ಕೆ ಗೊತ್ತಾಗುತ್ತದೆ. ಹಳಕಟ್ಟಿಯವರೂ ವೃತ್ತಿಯಿಂದ ಲಿಪಿ ಪಂಡಿತರಲ್ಲ, ಕೋರ್ಟಿಗೆ ಹೋಗುವ ವಕೀಲರು. ಕಂಡ ತೊಂದರೆಯನ್ನು ಬಿಟ್ಟು ಮುಂದೆ ಹೋಗಲಿಲ್ಲ, ಅಷ್ಟೇ.

ಹಂಗಾಗಿ ಈ ವಾರ ಒಂದು ಸಣ್ಣ ಕೆಲಸ ಮಾಡ್ರಿ. ನಿಮ್ಮ ಶೆಲ್ ತೆರೀರಿ, ತಪ್ಪು ಕಮಾಂಡಿಗೆ ಬರೋ ಬಣ್ಣ ನಿಮ್ಮ ಕಣ್ಣಿಗೆ ಖರೇನ ಕಾಣ್ತದೇನು ನೋಡ್ರಿ. ಕಾಣದಿದ್ರ ಬದಲಿ ಮಾಡ್ರಿ. ಆಮ್ಯಾಲ ಕನ್ನಡದಾಗ ಒಂದು ಫೋಲ್ಡರ್ ಮಾಡಿ, ಒತ್ತಕ್ಷರ ಎಲ್ಲಿ ಒಡೀತದ ಅಂತ ಒಂದು ಸ್ಕ್ರೀನ್‌ಶಾಟ್ ತಕ್ಕೊಂಡು ಇಟ್ಕೋರಿ. ತಿದ್ದೋ ಕೆಲಸ ಅಲ್ಲಿಂದನ ಶುರು ಆಗೂದು.